ಸ್ಮಾರ್ಟ್ ಕ್ಲಾಸಿನ ಚಂದ್ರ ನಮ್ಮೂರಲ್ಲಿ ಎಷ್ಟೊತ್ತಿಗೆ ಹುಟ್ಟುತ್ತಾನೆ?

ಸುದ್ದಿಗೆಂದು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋದಾಗ ನಾವು ಐದನೇ, ಆರನೇ ತರಗತಿಯ ಮಕ್ಕಳಿಗೆ ಎರಡು ಪ್ರಶ್ನೆ ಕೇಳುವುದುಂಟು. ಸೌರವ್ಯೂಹದಲ್ಲಿ ಎಷ್ಟು ಗ್ರಹಗಳಿವೆ? ಒಂದೇ ದನಿಯಲ್ಲಿ ಉತ್ತರ ಬರುತ್ತದೆ: ಎಂಟು. ಕೇಳದಿದ್ದರೂ ಹೆಸರುಗಳು ಸಾಲಾಗಿ ಬರುತ್ತವೆ. ಎರಡನೆಯದು: ಇವತ್ತು ರಾತ್ರಿ ಚಂದ್ರ ಕಾಣುತ್ತಾನಾ, ಕಂಡರೆ ಯಾವ ದಿಕ್ಕಿಗೆ? ಇಲ್ಲಿ ತರಗತಿ ಸುಮ್ಮನಾಗುತ್ತದೆ. ಅದೇ ಮಗುವಿನ ಮನೆಯಲ್ಲಿರುವ ಅಜ್ಜಿಗೆ ಗ್ರಹಗಳ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೆ ಎರಡನೇ ಪ್ರಶ್ನೆಗೆ ಆಕೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿಯೂ ನೋಡದೆ ಹೇಳುತ್ತಾಳೆ: "ಇವತ್ತ ಪಂಚಮಿ. ಹೊತ್ತ ಮುಣುಗಿದ ಮ್ಯಾಲ ಪಡುವಲಕ್ಕ ಕಾಣತಾನ, ನಾವು ಮಲಗೂದರಾಗ ಮುಣುಗತಾನ."

ಈ ಶಾಲೆಗಳಲ್ಲಿ ಹಲವಕ್ಕೆ ಈಗ ಸ್ಮಾರ್ಟ್ ಕ್ಲಾಸ್ ಬಂದಿದೆ. ಗೋಡೆಗೆ ದೊಡ್ಡ ಟಿವಿ, ಇಲ್ಲವೇ ಪ್ರೊಜೆಕ್ಟರ್, ಅದರೊಳಗೆ ಮೊದಲೇ ತುಂಬಿಸಿಟ್ಟ ಪಾಠಗಳು. ಮುಖ್ಯೋಪಾಧ್ಯಾಯರು ನಮಗೆ ಹೆಮ್ಮೆಯಿಂದ ಹಾಕಿ ತೋರಿಸುವ ಪಾಠ ಬಹುತೇಕ ಸಲ ಇದೇ: ಸೂರ್ಯ, ಭೂಮಿ, ಚಂದ್ರ. ಕಪ್ಪು ಆಕಾಶ, ಸಂಗೀತ, ಗಿರಗಿರ ತಿರುಗುವ ನೀಲಿ ಗೋಳ. ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ನೋಡಲು ಚೆಂದವೇ ಇದೆ, ಇಲ್ಲ ಅನ್ನುವುದಿಲ್ಲ.

ನಮ್ಮ ತಕರಾರು ಕಂಪ್ಯೂಟರಿನ ಮೇಲಲ್ಲ. ಈ ಪಾಠಕ್ಕೆ ಕಂಪ್ಯೂಟರ್ ಬೇಕು, ಬೇರೆ ಎಷ್ಟೋ ಪಾಠಗಳಿಗಿಂತ ಹೆಚ್ಚು ಬೇಕು. ಆದರೆ ಅದು ತರಗತಿಯೊಳಗೆ ಬಂದಿರುವ ರೀತಿ ಉಲ್ಟಾ ಆಗಿದೆ. ಮಗು ಅಂಗಳದಲ್ಲಿ ನಿಂತು ಬರಿಗಣ್ಣಿನಿಂದ ನೋಡಬಹುದಾದ ಸೂರ್ಯೋದಯವನ್ನು ಅದು ಪರದೆ ಮೇಲೆ ತೋರಿಸುತ್ತದೆ. ಕಂಪ್ಯೂಟರ್ ಮಾತ್ರ ತೋರಿಸಬಲ್ಲದ್ದನ್ನು ತೋರಿಸುವುದೇ ಇಲ್ಲ. ಮೇಲಾಗಿ ಅದು ತೋರಿಸುವ ಆಕಾಶ ನಮ್ಮೂರಿನದಲ್ಲ.

ಈ ಪಾಠ ಯಾಕೆ ಕಷ್ಟ ಅನ್ನುವುದನ್ನು ಮೊದಲು ನೋಡೋಣ. ಇದರಲ್ಲಿ ಮಗು ಏಕಕಾಲಕ್ಕೆ ಎರಡು ಜಾಗದಲ್ಲಿ ನಿಲ್ಲಬೇಕು. ಒಂದು, ನೆಲದ ಮೇಲೆ. ಇಲ್ಲಿ ಭೂಮಿ ಚಪ್ಪಟೆ, ಸೂರ್ಯ ಮೂಡುತ್ತಾನೆ, ಮುಳುಗುತ್ತಾನೆ. ಇನ್ನೊಂದು, ಎಲ್ಲೋ ಹೊರಗೆ ಬಹುದೂರದಲ್ಲಿ. ಅಲ್ಲಿಂದ ಭೂಮಿ ಚೆಂಡು, ಅದೇ ತಿರುಗುತ್ತಿದೆ. ಇವೆರಡೂ ಒಂದೇ ಸಂಗತಿ ಎಂದು ಒಪ್ಪುವುದು ದೊಡ್ಡವರಿಗೂ ಸಲೀಸಲ್ಲ. ನಮ್ಮ ಭಾಷೆಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಭೂಮಿ ಗುಂಡಗಿದೆ ಎನ್ನುತ್ತೇವೆ. ರೊಟ್ಟಿಯೂ ಗುಂಡಗಿದೆ, ಚೆಂಡೂ ಗುಂಡಗಿದೆ. ಮಗು ರೊಟ್ಟಿಯನ್ನು ಆರಿಸಿಕೊಂಡರೆ ತಪ್ಪು ಯಾರದು?

ಇದು ನಮ್ಮ ಊಹೆಯಲ್ಲ. 1992ರಲ್ಲಿ ಸ್ಟೆಲ್ಲಾ ವೋಸ್ನಿಯಾಡೌ ಮತ್ತು ವಿಲಿಯಂ ಬ್ರೂವರ್ ಅಮೆರಿಕದ ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಮಾತಾಡಿ ಬರೆದ ಅಧ್ಯಯನ ಬಹಳ ಹೆಸರಾಯಿತು. ಭೂಮಿ ಗುಂಡಗಿದೆ ಎಂದು ಉತ್ತರಿಸಿದ ಮಕ್ಕಳನ್ನೇ ಮತ್ತೆ ಮತ್ತೆ ಕೆದಕಿ ಕೇಳಿದರೆ, ಕೆಲವರ ತಲೆಯೊಳಗೆ ಇದ್ದದ್ದು ತಟ್ಟೆಯಂಥ ಭೂಮಿ. ಕೆಲವರದು ಟೊಳ್ಳು ಗೋಳ, ನಾವೆಲ್ಲ ಅದರ ಒಳಗಿನ ಸಮನೆಲದ ಮೇಲೆ ವಾಸ. ಕೆಲವರಿಗೆ ಎರಡು ಭೂಮಿಗಳಿದ್ದವು: ನಾವಿರುವುದು ಒಂದು, ಮಾಸ್ತರರು ಹೇಳುವ ಗುಂಡನೆಯದು ಆಕಾಶದಲ್ಲಿ ಇನ್ನೊಂದು. 1996ರಲ್ಲಿ ಇದೇ ಬಗೆಯ ಅಧ್ಯಯನ ನಮ್ಮ ಪಕ್ಕದ ಹೈದರಾಬಾದಿನ ಮಕ್ಕಳ ಜೊತೆ ನಡೆದು ಪ್ರಕಟವಾಯಿತು. ಅಲ್ಲಿ ಭೂಮಿ ನೀರಿನ ಮೇಲೆ ನಿಂತಿದೆ ಎನ್ನುವ ಮಕ್ಕಳು ಬಹಳ ಸಿಕ್ಕರು. ಮನೆಯಲ್ಲಿ ಕೇಳಿದ ಕತೆ, ಶಾಲೆಯಲ್ಲಿ ಕೇಳಿದ ಪಾಠ, ಎರಡನ್ನೂ ಮಗು ಕೈಬಿಡುವುದಿಲ್ಲ, ಸೇರಿಸಿ ಹೊಲಿದುಕೊಳ್ಳುತ್ತದೆ.

ಹಾಗೆ ಹೊಲಿದುಕೊಂಡದ್ದು ದೊಡ್ಡವರಾದರೂ ಬಿಚ್ಚುವುದಿಲ್ಲ. 1987ರಲ್ಲಿ ಅಮೆರಿಕದಲ್ಲಿ ತಯಾರಾದ 'ಎ ಪ್ರೈವೇಟ್ ಯೂನಿವರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಸಮಾರಂಭದ ದಿನ ಕರಿ ನಿಲುವಂಗಿ ತೊಟ್ಟು ನಿಂತವರನ್ನು, ಅಲ್ಲಿನ ಅಧ್ಯಾಪಕರನ್ನು ಕೇಳುತ್ತಾರೆ: ಋತುಗಳು ಯಾಕೆ ಆಗುತ್ತವೆ, ಚಂದ್ರ ಯಾಕೆ ಬೆಳೆದು ಕರಗುತ್ತಾನೆ? ಕೇಳಿದ 23 ಜನರಲ್ಲಿ 21 ಮಂದಿಯ ಉತ್ತರದಲ್ಲಿ ತಪ್ಪು ತಿಳಿವಳಿಕೆ ಇತ್ತು. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂಬ ಉತ್ತರ ಎಲ್ಲಕ್ಕಿಂತ ಸರಾಗವಾಗಿ ಬಂತು. ಅವರಿಗೆ ಪುಸ್ತಕದ ಕೊರತೆಯೂ ಇರಲಿಲ್ಲ, ಉಪಕರಣದ ಕೊರತೆಯೂ ಇರಲಿಲ್ಲ.

ಈಗ ನಮ್ಮ ಸ್ಮಾರ್ಟ್ ಕ್ಲಾಸಿನ ವಿಡಿಯೋ ಏನು ತೋರಿಸುತ್ತದೆ ನೋಡಿ. ಭೂಮಿಯ ಕಕ್ಷೆಯನ್ನು ಓರೆಯಿಂದ ತೋರಿಸಿ ಉದ್ದನೆಯ ಮೊಟ್ಟೆ ಮಾಡಿರುತ್ತಾರೆ. ಒಂದು ತುದಿ ಸೂರ್ಯನಿಗೆ ಹತ್ತಿರ, ಇನ್ನೊಂದು ದೂರ. ಇದನ್ನು ನೋಡಿದ ಮಗು ಹತ್ತಿರ ಬಂದಾಗ ಬೇಸಿಗೆ ಎನ್ನದೆ ಇನ್ನೇನು ಹೇಳೀತು? ನಿಜದಲ್ಲಿ ಆ ಕಕ್ಷೆ ಹೆಚ್ಚೂಕಡಿಮೆ ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ ಇರುವುದು ಜನವರಿ ಮೊದಲ ವಾರ, ನಾವು ಕಂಬಳಿ ಹೊದ್ದು ಬೆಂಕಿ ಕಾಯಿಸುವಾಗ. ಅತಿ ದೂರ, ಸುಮಾರು 15.2 ಕೋಟಿ ಕಿ.ಮೀ., ಜುಲೈ ಮೊದಲ ವಾರ.

ಇನ್ನು ಗಾತ್ರ, ದೂರ. ಟಿವಿ ಪರದೆಯಲ್ಲಿ ಚಂದ್ರ ಭೂಮಿಯ ಮಗ್ಗುಲಲ್ಲೇ ಸುತ್ತುತ್ತಿರುತ್ತಾನೆ. ಇದನ್ನು ಸರಿಪಡಿಸಲು ಕಂಪ್ಯೂಟರ್ ಬೇಡ, ಅಡುಗೆಮನೆ ಸಾಕು. ನೆನೆಸಿದ ಒಂದು ಕಡಲೆಕಾಳು ತೆಗೆದುಕೊಳ್ಳಿ, 8 ಮಿಲಿಮೀಟರ್ ಇರುವಂಥದ್ದು. ಅದು ಭೂಮಿ. ಚಂದ್ರನಿಗೆ ಒಂದು ಸಾಸಿವೆಕಾಳು, ಸ್ವಲ್ಪ ದಪ್ಪನೆಯದು. ಎರಡರ ನಡುವೆ ಒಂದು ಗೇಣು ದೂರ. ಸೂರ್ಯ ಬೇಕಾದರೆ ಶಾಲೆಯ ಕಾಂಪೌಂಡ್ ಗೋಡೆ ಮೇಲೆ ಎರಡು ಮೊಳ ಅಗಲದ ವೃತ್ತವನ್ನು ಸುಣ್ಣದಲ್ಲಿ ಬರೆದು, ಕಡಲೆಕಾಳನ್ನು ಹಿಡಿದು 94 ಮೀಟರ್ ನಡೆಯಬೇಕು. ಬಹಳಷ್ಟು ಶಾಲೆಗಳಲ್ಲಿ ಮೈದಾನ ಮುಗಿದು ರಸ್ತೆಯೇ ಬಂದುಬಿಡುತ್ತದೆ. ಪ್ರತಿ ಅಮಾವಾಸ್ಯೆಗೆ, ಪ್ರತಿ ಹುಣ್ಣಿಮೆಗೆ ಗ್ರಹಣ ಯಾಕಿಲ್ಲ ಎಂಬುದೂ ಈ ಕಾಳುಗಳಲ್ಲೇ ಇದೆ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆ. ಒಂದು ಗೇಣು ದೂರದಲ್ಲಿ ಆ ಓರೆ ಎಂದರೆ ಸಾಸಿವೆ ಎರಡು ಸೆಂಟಿಮೀಟರಿನಷ್ಟು ಮೇಲೆ ಇಲ್ಲವೇ ಕೆಳಗೆ ಹೋಗಬಹುದು. ಕಡಲೆಕಾಳಿನ ನೆರಳು ಅದಕ್ಕೆ ತಾಗುವುದಿಲ್ಲ. ಭೂಮಿ-ಚಂದ್ರರನ್ನು ಅಕ್ಕಪಕ್ಕ ಇಟ್ಟ ವಿಡಿಯೋದಲ್ಲಿ ಮಾತ್ರ ತಿಂಗಳಿಗೆ ಎರಡು ಸಲ ಗ್ರಹಣ ಆಗಲೇಬೇಕು.

ನಮಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಬೇಸಿಗೆಯ ಪಾಠಕ್ಕೆ. ಜೂನ್ 21 ಬೇಸಿಗೆಯ ನಡುಘಟ್ಟ, ಸೂರ್ಯ ಅತಿ ಎತ್ತರಕ್ಕೆ ಬರುವ ದಿನ ಎಂದು ಪರದೆ ಹೇಳುತ್ತದೆ. ಇದು ಯುರೋಪಿನವರ ಬೇಸಿಗೆ. ಗದಗ-ಧಾರವಾಡದ ಕಡೆಯ ಮಗುವಿಗೆ ಜೂನ್ 21 ಎಂದರೆ ಮೋಡ, ಬಿತ್ತನೆ, ಶಾಲೆ ಶುರುವಾಗಿ ಮೂರು ವಾರ. ಅದರ ಬೇಸಿಗೆ ಏಪ್ರಿಲ್-ಮೇ. ಹಾಗಾದರೆ ನಮ್ಮ ಬೇಸಿಗೆ ತಪ್ಪೇ? ಮಗು ಹಾಗೆ ಕೇಳುವುದಿಲ್ಲ. ಶಾಲೆಯ ಬೇಸಿಗೆ ಬೇರೆ, ಮನೆಯ ಬೇಸಿಗೆ ಬೇರೆ ಎಂದು ಇಟ್ಟುಕೊಳ್ಳುತ್ತದೆ, ಆ ಎರಡು ಭೂಮಿಗಳ ಹಾಗೆ.

ಇಲ್ಲಿ ಒಂದು ಮೀಟರ್ ಉದ್ದದ ಕೋಲು ಮಾಡುವ ಕೆಲಸವನ್ನು ಯಾವ ಅನಿಮೇಶನ್ನೂ ಮಾಡಲಾರದು. ಗದಗ, ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೈದಾನದಲ್ಲಿ ಕೋಲು ನೆಟ್ಟಗೆ ನಿಲ್ಲಿಸಿದರೆ ಡಿಸೆಂಬರ್ 22ರ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು 80 ಸೆಂಟಿಮೀಟರ್. ಮಾರ್ಚ್ 21ಕ್ಕೆ ಅದು 27-28 ಸೆಂಟಿಮೀಟರಿಗೆ ಇಳಿದಿರುತ್ತದೆ. ಮೇ ಮೊದಲ ವಾರದ ಹೊತ್ತಿಗೆ ನೆರಳೇ ಇಲ್ಲ, ಸೂರ್ಯ ನೆತ್ತಿಯ ಮೇಲೆ. ಬೆಂಗಳೂರಿನಲ್ಲಿ ಈ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ, ಪತ್ರಿಕೆಯಲ್ಲಿ ಫೋಟೋ ಸಹಿತ ಬರುತ್ತದೆ. ನಮ್ಮ ಊರುಗಳಿಗೂ ಅದು ಬರುತ್ತದೆ, ಸುದ್ದಿಯಾಗುವುದಿಲ್ಲ ಅಷ್ಟೆ. ಜೂನ್ 21ಕ್ಕೆ ಬಿಸಿಲಿದ್ದರೆ ನೋಡಿ, ಮಧ್ಯಾಹ್ನದ ನೆರಳು 14 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಭೂಮಿಯ ಅಕ್ಷ ಓರೆಯಾಗಿದೆ ಎಂಬ ಮಾತಿಗೆ ಮಗುವಿನ ಕೈಗೆ ಸಿಗುವ ಸಾಕ್ಷಿ ಇದು. ಅಂದಹಾಗೆ, ಇಲ್ಲಿ ಮಧ್ಯಾಹ್ನ ಅಂದರೆ ಗಡಿಯಾರದ ಹನ್ನೆರಡಲ್ಲ. ನಮ್ಮ ಗಡಿಯಾರಗಳು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತವೆ. ನಮ್ಮ ಕಡೆ ನೆರಳು ಅತಿ ಚಿಕ್ಕದಾಗುವುದು ಹನ್ನೆರಡೂವರೆಯ ಆಸುಪಾಸು. ಬಿಸಿಯೂಟದ ಗಂಟೆ ಹೊಡೆಯುವ ಮುಂಚೆ ಐದು ನಿಮಿಷ ಸಾಕು.

ಚಂದ್ರನಿಗೂ ರಾತ್ರಿಯೇ ಬೇಕೆಂದಿಲ್ಲ. ಹುಣ್ಣಿಮೆಯಾಗಿ ಆರೇಳು ದಿನಕ್ಕೆ, ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ, ಪಶ್ಚಿಮದಲ್ಲಿ ಬಿಳಿ ಅರ್ಧಚಂದ್ರ ಇರುತ್ತಾನೆ. ಯಾರೂ ತಲೆ ಎತ್ತುವುದಿಲ್ಲ. ಆಗ ಒಂದು ಲಿಂಬೆಹಣ್ಣನ್ನು ಬಿಸಿಲಿಗೆ ಹಿಡಿದು ಚಂದ್ರನ ಪಕ್ಕಕ್ಕೆ ತಂದರೆ, ಹಣ್ಣಿನ ಮೇಲೆ ಬಿಸಿಲು ಬಿದ್ದ ಭಾಗವೂ ಚಂದ್ರನ ಬೆಳಗಿದ ಭಾಗವೂ ಒಂದೇ ಆಕಾರದಲ್ಲಿರುತ್ತವೆ. ಚಂದ್ರನ ಕಲೆಗಳು ಭೂಮಿಯ ನೆರಳಿನಿಂದ ಆಗುತ್ತವೆ ಎಂಬ ತಪ್ಪು ಅಲ್ಲಿಗೇ ಬೀಳುತ್ತದೆ. ಹಾಗೆಯೇ ಶುದ್ಧ ಅಷ್ಟಮಿಯ ಚಂದ್ರ ಮಧ್ಯಾಹ್ನ ಹುಟ್ಟಿ ಶಾಲೆ ಬಿಡುವ ಹೊತ್ತಿಗೆ ಪೂರ್ವದಲ್ಲಿ ಏರಿರುತ್ತಾನೆ.

2023ರ ಆಗಸ್ಟ್ 23 ನೆನಪಿದೆಯೇ? ಚಂದ್ರಯಾನ-3 ಇಳಿದ ದಿನ. ಸಂಜೆ 6 ಗಂಟೆ 4 ನಿಮಿಷಕ್ಕೆ ದೇಶದ ಮಕ್ಕಳೆಲ್ಲ ಪರದೆ ನೋಡುತ್ತಿದ್ದರು, ನೋಡಬೇಕಾದದ್ದೇ. ಆವತ್ತು ಶ್ರಾವಣ ಶುದ್ಧ ಸಪ್ತಮಿ. ಮೋಡವಿಲ್ಲದ ಊರುಗಳಲ್ಲಿ ಹೊರಗೆ ಬಂದು ತಲೆ ಎತ್ತಿದ್ದರೆ ಅರ್ಧ ತುಂಬುತ್ತಿದ್ದ ಚಂದ್ರ ಅಲ್ಲೇ ಮೇಲಿದ್ದ. ವಿಕ್ರಮ್ ಇಳಿದ ಜಾಗದಲ್ಲಿ ಆಗ ಬೆಳಗಿನ ಹೊತ್ತು. ಸೌರಫಲಕಗಳಿಗೆ ಬಿಸಿಲು ಬೇಕೆಂದೇ ಆ ಹೊತ್ತನ್ನು ಆರಿಸಿದ್ದು. ನಾವು ಸಪ್ತಮಿ ಎನ್ನುವುದನ್ನೇ ಇಸ್ರೋ ತನ್ನ ಲೆಕ್ಕದಲ್ಲಿ ಬೇರೆ ಮಾತಿನಲ್ಲಿ ಹೇಳುತ್ತಿತ್ತು. ಆ ಸಂಜೆ ಟಿವಿ ವಾಹಿನಿಗಳು ಸ್ಟುಡಿಯೋದೊಳಗೇ ರಾಕೆಟ್ ಹಾರಿಸಿದವು. ಹೊರಗೆ ಹೋಗಿ ಚಂದ್ರನನ್ನು ನೋಡಿ ಎಂದದ್ದು ನಮ್ಮ ಕಿವಿಗಂತೂ ಬೀಳಲಿಲ್ಲ.

ಹಾಗಾದರೆ ಕಂಪ್ಯೂಟರ್ ಯಾಕೆ ಬೇಕು? ಇಷ್ಟೆಲ್ಲ ನೋಡಿದ ಮೇಲೆ ಏಳುವ ಪ್ರಶ್ನೆಗಳಿಗೆ ಬೇಕು. ಕಣ್ಣಿಗೆ ತಾಳ್ಮೆ ಸಾಲದ ಕಡೆ, ಮೋಡ ಅಡ್ಡ ಬಂದ ಕಡೆ, ಹಗಲಿನ ಬೆಳಕು ಮುಚ್ಚಿದ ಕಡೆ ಬೇಕು.

ಸ್ಟೆಲೇರಿಯಂ ಎಂಬ ತಂತ್ರಾಂಶವಿದೆ. ದುಡ್ಡು ಕೊಡಬೇಕಿಲ್ಲ, ಮುಕ್ತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಯಾವುದೇ ದಿನ, ಯಾವುದೇ ಹೊತ್ತು, ಭೂಮಿಯ ಯಾವುದೇ ಜಾಗದಿಂದ ಆಕಾಶ ಹೇಗೆ ಕಾಣುತ್ತದೆ ಎಂದು ತೋರಿಸುತ್ತದೆ. ಆದರೆ ಜಾಗ ಯಾವುದು ಎಂದು ನಾವು ಹೇಳಬೇಕು. ಹೇಳದೆ ಬಿಟ್ಟರೆ ಅದು ಪ್ಯಾರಿಸ್ಸಿನ ಆಕಾಶ ತೆರೆದು ಕೂರುವುದುಂಟು. ಸ್ಥಳದ ಕಿಟಕಿಯಲ್ಲಿ ಊರಿನ ಅಕ್ಷಾಂಶ, ರೇಖಾಂಶ ಹಾಕುವುದು ಎರಡು ನಿಮಿಷದ ಕೆಲಸ. ನಮ್ಮ ದೃಷ್ಟಿಯಲ್ಲಿ ಇಡೀ ಸ್ಮಾರ್ಟ್ ಕ್ಲಾಸಿನ ಯೋಗ್ಯತೆ ಆ ಎರಡು ನಿಮಿಷದಲ್ಲಿದೆ. ಬಿದಿಗೆ ಚಂದ್ರ ನಮ್ಮ ಕಡೆ, ಅದರಲ್ಲೂ ಫೆಬ್ರುವರಿ-ಮಾರ್ಚಿನ ಸಂಜೆಗಳಲ್ಲಿ, ದೋಣಿಯಂತೆ ಮಲಗಿರುತ್ತಾನೆ. ಹೊರಗಿನವರು ಮಾಡಿದ ಚಿತ್ರಗಳಲ್ಲಿ ಬಿಲ್ಲಿನಂತೆ ನೆಟ್ಟಗೆ ನಿಂತಿರುತ್ತಾನೆ. ತಾನು ಕಂಡ ಚಂದ್ರನನ್ನು ಪರದೆಯೂ ಒಪ್ಪಿಕೊಂಡಿತು ಎಂದಾಗ ಮಗುವಿಗೆ ಪರದೆ ಮೇಲೆ ನಂಬಿಕೆ ಬರುತ್ತದೆ, ತನ್ನ ಕಣ್ಣಿನ ಮೇಲೂ ಬರುತ್ತದೆ.

ಆಮೇಲೆ ಸಮಯವನ್ನು ಓಡಿಸಬಹುದು. ಮಕ್ಕಳು ಹದಿನೈದು ದಿನ ಬರೆದಿಟ್ಟ ಚಂದ್ರನ ಚಿತ್ರಗಳನ್ನು ಪಕ್ಕಕ್ಕಿಟ್ಟುಕೊಂಡು ಪರದೆಯ ಮೇಲೆ ದಿನಕ್ಕೊಂದರಂತೆ ತಿಂಗಳನ್ನು ಸರಿಸಿದರೆ, ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದು ಕಣ್ಣಿಗೆ ಕಟ್ಟುತ್ತದೆ. ಮೋಡ ಮುಸುಕಿ ತಪ್ಪಿಹೋದ ದಿನಗಳ ಖಾಲಿ ಚೌಕಗಳನ್ನು ಮಕ್ಕಳೇ ಮೊದಲು ಊಹಿಸಿ ತುಂಬಬಹುದು, ಆಮೇಲೆ ತಾಳೆ ನೋಡಬಹುದು.

ನಮಗೆ ಬಹಳ ಇಷ್ಟದ ಉದಾಹರಣೆ ಮಳೆಯದು. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ ಎಂದು ಮಳೆ ಎಣಿಸುತ್ತಾರೆ. ರೋಹಿಣಿ ಮಳೆ ಕೂಡಿತು ಎಂದರೆ ಏನು? ಸೂರ್ಯ ರೋಹಿಣಿ ನಕ್ಷತ್ರದ ಭಾಗಕ್ಕೆ ಬಂದ ಎಂದು. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರ ದಾಟುವವರೆಗೆ, ಹದಿಮೂರು-ಹದಿನಾಲ್ಕು ದಿನ. ಇದನ್ನು ಯಾವ ರೈತನೂ ಕಣ್ಣಾರೆ ಕಂಡಿಲ್ಲ, ಕಾಣಲಾರ. ಸೂರ್ಯನ ಹಿಂದೆ ಯಾವ ನಕ್ಷತ್ರವಿದೆ ಎಂಬುದು ಹಗಲ ಬೆಳಕಿನಲ್ಲಿ ಕಾಣುವುದಿಲ್ಲವಲ್ಲ. ಸ್ಟೆಲೇರಿಯಂನಲ್ಲಿ ಜೂನ್ 1ರ ಮಧ್ಯಾಹ್ನಕ್ಕೆ ಹೋಗಿ ಕೀಬೋರ್ಡಿನ 'ಎ' ಅಕ್ಷರ ಒತ್ತಿ. ವಾತಾವರಣ ಆರಿಹೋಗುತ್ತದೆ, ಹಾಡುಹಗಲಲ್ಲಿ ನಕ್ಷತ್ರಗಳು ಮೂಡುತ್ತವೆ. ಸೂರ್ಯನಿಂದ ತುಸು ದಕ್ಷಿಣಕ್ಕೆ ಕೆಂಪನೆಯ ರೋಹಿಣಿ. ದಿನ ಸರಿಸುತ್ತ ಹೋದರೆ ಸೂರ್ಯ ಒಂದೊಂದೇ ಮಳೆಯ ಮನೆ ದಾಟುತ್ತಾನೆ. ಭೂಮಿ ಸೂರ್ಯನ ಸುತ್ತ ಹೋಗುತ್ತಿರುವುದಕ್ಕೆ ಸೂರ್ಯನ ಹಿಂದಿನ ನಕ್ಷತ್ರ ಬದಲಾಗುತ್ತಿದೆ. ಮಗುವಿನ ಮುತ್ತಜ್ಜ ಬಾಯಿಲೆಕ್ಕದಲ್ಲಿ ಇಟ್ಟುಕೊಂಡಿದ್ದ ಕ್ಯಾಲೆಂಡರ್ ಭೂಮಿಯ ಪ್ರದಕ್ಷಿಣೆಯ ಲೆಕ್ಕ. ಕಂಪ್ಯೂಟರ್ ಬಿಟ್ಟರೆ ಇದನ್ನು ಇಷ್ಟು ಸುಲಭಕ್ಕೆ ತೋರಿಸುವ ಇನ್ನೊಂದು ದಾರಿ ನಮಗೆ ಕಂಡಿಲ್ಲ. ಯಾವ ಸ್ಮಾರ್ಟ್ ಕ್ಲಾಸಿನಲ್ಲೂ ಇದನ್ನು ತೋರಿಸಿದ್ದನ್ನೂ ಕಂಡಿಲ್ಲ.

ಹೀಗೆಂದಾಗ ನಮ್ಮಲ್ಲೇ ಒಬ್ಬರು ಎತ್ತಿದ ಆಕ್ಷೇಪ ಗಟ್ಟಿಯದು. ತಿಥಿ, ನಕ್ಷತ್ರ ಎಂದು ಶಾಲೆಯೊಳಗೆ ತಂದರೆ ಹಿಂದಿನ ಬಾಗಿಲಿನಿಂದ ಜ್ಯೋತಿಷ್ಯ ಬರುವುದಿಲ್ಲವೇ? ನಾವು ಬಹಳ ಚರ್ಚೆ ಮಾಡಿದೆವು. ಪಂಚಾಂಗದೊಳಗೆ ಎರಡು ಪದಾರ್ಥಗಳಿವೆ. ಚಂದ್ರ ಎಲ್ಲಿದ್ದಾನೆ ಎಂಬುದು ಒಂದು, ಅದರಿಂದ ನಿನ್ನ ಮದುವೆ, ಮನೆ, ದನಕರು ಏನಾಗುತ್ತವೆ ಎಂಬುದು ಇನ್ನೊಂದು. ಮೊದಲನೆಯದನ್ನು ಹತ್ತು ವರ್ಷದ ಮಗು ಅಂಗಳಕ್ಕೆ ಬಂದು ಪರೀಕ್ಷಿಸಬಹುದು. ಎರಡನೆಯದನ್ನೂ ಹಾಗೇ ಪರೀಕ್ಷಿಸಲು ಹೊರಟರೆ ಅದು ಬೀಳುತ್ತದೆ. ತಿಥಿಯನ್ನು ಶಾಲೆಯ ಹೊರಗಿಟ್ಟರೆ ಅದು ಪೂರ್ತಿಯಾಗಿ ಟಿವಿ ಜ್ಯೋತಿಷಿಗಳ ಪಾಲಾಗುತ್ತದೆ. ಈಗ ಆಗಿರುವುದು ಅದೇ.

ಅದರ ಬೆಲೆಯನ್ನೂ ಕಂಡಿದ್ದೇವೆ. 2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಪೂರ್ಣ ಬಳೆಯೇ ಕಂಡಿತು. ಎಷ್ಟೊಂದು ಮಕ್ಕಳು ನೋಡಿ ಕುಣಿದರು. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ, ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು. ಆ ಚಿತ್ರ ದೇಶವೆಲ್ಲ ಓಡಾಡಿತು. ಆ ತಾಯ್ತಂದೆಯರನ್ನು ಬೈದವರು ಬಹಳ. ಅವರ ಮಕ್ಕಳಿಗೆ ಚಿಕಿತ್ಸೆ ಎಲ್ಲಿತ್ತು ಎಂದು ಕೇಳಿದವರು ಕಡಿಮೆ. ಗ್ರಹಣವೆಂದರೆ ಏನೆಂದು ಅವರಿಗೆ ಯಾವ ಶಾಲೆ ಕಲಿಸಿತ್ತು ಎಂದು ಕೇಳಿದವರು ಇನ್ನೂ ಕಡಿಮೆ.

ಪೆಟ್ಟಿಗೆ ತಂದಿಟ್ಟು ಪಾಠ ಮುಗಿಯಿತು ಎಂದುಕೊಳ್ಳುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಆಗಿನ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೇ ಕಾರ್ಯಕ್ರಮ. ಪತ್ರಿಕೋದ್ಯಮ ತರಗತಿಯಲ್ಲಿ ನಾವೆಲ್ಲ ಇದನ್ನು ಉರು ಹೊಡೆದವರೇ. 2004ರಲ್ಲಿ ಎಜುಸ್ಯಾಟ್ ಮೇಲೇರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಾಳಿಗೆ ಮೇಲೆ ಡಿಶ್ ಕೂತವು. 2010ಕ್ಕೆ ಆ ಉಪಗ್ರಹದ ಕೆಲಸ ಮುಗಿಯಿತು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ನಡೆಸಿತು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿ.ಡಿ. ಮಾಡಿಸಿತು. 2010ರ ಕೊನೆಗೆ ಆ ಸಂಸ್ಥೆಯ ಅನುರಾಗ್ ಬೆಹರ್ ಅವರೇ ಮಿಂಟ್ ಪತ್ರಿಕೆಯಲ್ಲಿ ಈ ತಂತ್ರಜ್ಞಾನದ ಮಿತಿಗಳ ಬಗ್ಗೆ ಬರೆದರು. ಶಾಲೆಯ ನಿಜವಾದ ಸಮಸ್ಯೆ ಬಿಟ್ಟು ನಾವು ಯಂತ್ರದ ಮೋಹಕ್ಕೆ ಬೀಳುತ್ತಿದ್ದೇವೆ ಎಂಬುದು ಅದರ ಸಾರ. ಈಗ ಪಠ್ಯಪುಸ್ತಕದಲ್ಲಿ ದೀಕ್ಷಾದ ಕ್ಯೂಆರ್ ಕೋಡ್ ಇದೆ. ಅದನ್ನು ತೆರೆಯುವುದು ಬಹಳ ಕಡೆ ಅಕ್ಕೋರ ಸ್ವಂತ ಮೊಬೈಲು, ಸ್ವಂತ ಡೇಟಾ.

ಪ್ರತಿ ಸಲವೂ ಶಿಕ್ಷಕರ ಕೈಗೆ ಸಿದ್ಧ ಪಾಠ ಬಂತು, ಅದನ್ನು ತಮ್ಮೂರಿಗೆ ತಕ್ಕಂತೆ ತಿರುಗಿಸಿಕೊಳ್ಳುವ ಕೀಲಿ ಬರಲಿಲ್ಲ. ನಾವು ಕಂಡ ಒಂದು ಶಾಲೆಯಲ್ಲಿ ಸ್ಮಾರ್ಟ್ ಟಿವಿಯ ಮೇಲೆ ಬಟ್ಟೆ ಹೊದಿಸಿ, ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕೆಟ್ಟರೆ ಯಾರು ಕೊಡಬೇಕು ಎಂಬ ಭಯ. ಅವರನ್ನು ದೂರುವುದು ನಮಗೆ ಸರಿ ಕಾಣಲಿಲ್ಲ. ಇಬ್ಬರೇ ಶಿಕ್ಷಕರು, ಐದು ತರಗತಿ, ನಲಿ-ಕಲಿ ಬೇರೆ.

ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಯಶ್ರೀ ರಾಮದಾಸ್ ಮತ್ತು ಶಮೀನ್ ಪಡಲ್ಕರ್ ಅವರ ಕೆಲಸವನ್ನು ಇಲ್ಲಿ ನೆನೆಯಬೇಕು. ಅವರು ಮಹಾರಾಷ್ಟ್ರದ ಹಳ್ಳಿ, ಬುಡಕಟ್ಟು ಪ್ರದೇಶ, ಕೊಳೆಗೇರಿಗಳ ಮಕ್ಕಳಿಗೆ ಇದೇ ಪಾಠವನ್ನು ಮಾದರಿ, ಚಿತ್ರ ಮತ್ತು ಕೈ-ಮೈ ಅಭಿನಯದ ಮೂಲಕ ಕಲಿಸಿ ನೋಡಿದರು. ತಾನೇ ಭೂಮಿಯಾಗಿ ತಿರುಗುತ್ತ, ತೋರುಬೆರಳಿನಿಂದ ಸೂರ್ಯನನ್ನು ಗುರುತಿಸುತ್ತ ಮಗು ನೆಲದ ನೋಟದಿಂದ ಹೊರಗಿನ ನೋಟಕ್ಕೆ ದಾಟಬಲ್ಲದು ಎಂಬುದು ಅವರ ಕೆಲಸದ ಮುಖ್ಯ ಎಳೆ. ಇಂಥ ಸೇತುವೆ ಪರದೆಯಲ್ಲೂ ಸಾಧ್ಯ. ಗೂಗಲ್ ಅರ್ಥ್‌ನಲ್ಲಿ ಶಾಲೆಯ ಹೆಂಚಿನಿಂದ ಶುರುಮಾಡಿ ಊರು, ಕೆರೆ, ಹೊಳೆ, ಕರಾವಳಿ, ಕೊನೆಗೆ ಇಡೀ ಗೋಳ ಎಂದು ನಿಲ್ಲದೆ ಮೇಲೇರಿದರೆ ಮಗುವಿಗೆ ಎರಡನೇ ಭೂಮಿಯೊಂದು ಬೇಕಾಗುವುದಿಲ್ಲ. ಮತ್ತೆ ಹೆಂಚಿಗೇ ಇಳಿಯಬೇಕು, ಅದು ಮುಖ್ಯ. ಸಿದ್ಧ ವಿಡಿಯೋಗಳು ಶುರುವಾಗುವುದೇ ಹೊರಗಿನಿಂದ, ಮುಗಿಯುವುದೂ ಅಲ್ಲೇ.

ಇದಕ್ಕೆಲ್ಲ ಹೊಸ ಯೋಜನೆಯೇನೂ ಬೇಕಿಲ್ಲ. ಸ್ಮಾರ್ಟ್ ಕ್ಲಾಸಿನ ಟೆಂಡರಿನಲ್ಲಿ ಶಾಲೆಯ ಅಕ್ಷಾಂಶ-ರೇಖಾಂಶಕ್ಕೆ ಹೊಂದಿಸಿದ ಒಂದು ಮುಕ್ತ ತಂತ್ರಾಂಶ ಇರಲೇಬೇಕು ಎಂಬ ಸಾಲು ಸೇರಿಸಲಿ. ಕ್ಲಸ್ಟರ್ ಸಭೆಯ ಒಂದು ಮಧ್ಯಾಹ್ನವನ್ನು ಶಿಕ್ಷಕರು ಅದನ್ನು ತಾವೇ ಓಡಿಸಿ ನೋಡಲು ಬಿಡಲಿ, ಭಾಷಣವಿಲ್ಲದೆ. ಈ ಪಾಠವನ್ನು ಒಂದು ವಾರದಲ್ಲಿ ಮುಗಿಸಬೇಕೆಂಬ ಒತ್ತಾಯ ಬಿಟ್ಟು, ಜೂನಿನಿಂದ ಮಾರ್ಚಿನವರೆಗೆ ತಿಂಗಳಿಗೆ ಹತ್ತು ನಿಮಿಷದ ನೆರಳು, ಹತ್ತು ನಿಮಿಷದ ಚಂದ್ರ ಎಂದು ಹರಡಲಿ. ಎಸ್‌ಡಿಎಂಸಿಯವರು ರಿಮೋಟಿನ ಬೀಗ ತೆಗೆಸಲಿ.

ಗ್ರಹಣದ ದಿನ ಶಾಲೆ ತೆರೆದಿರಲಿ ಎಂಬುದು ನಮ್ಮ ದೊಡ್ಡ ಬೇಡಿಕೆ. ಮುಂದಿನ ಒಳ್ಳೆಯ ಅವಕಾಶ 2027ರ ಆಗಸ್ಟ್ 2, ಸೋಮವಾರ. ಈಜಿಪ್ಟ್, ಅರೇಬಿಯಾ ಕಡೆ ಅದು ಪೂರ್ಣ ಸೂರ್ಯಗ್ರಹಣ. ನಮಗೆ ಸಂಜೆಯ ಕಡೆಗೆ ಭಾಗಶಃ. ಆವತ್ತು ಭೀಮನ ಅಮಾವಾಸ್ಯೆಯೂ ಹೌದು, ಮನೆಮನೆಗಳಲ್ಲಿ ಪೂಜೆ ಇರುತ್ತದೆ. ಟಿವಿಯಲ್ಲಿ ಯಾರ್ಯಾರು ಬಂದು ಕೂರುತ್ತಾರೆ ಎಂದು ಈಗಲೇ ಹೇಳಬಹುದು. ಅದಕ್ಕೂ ಒಂದು ವಾರ ಮೊದಲೇ ಆರನೇ ತರಗತಿಯ ಮಕ್ಕಳು ತಮ್ಮೂರಿನ ಜಾಗ ಹಾಕಿ, ಸೂರ್ಯನ ಯಾವ ಅಂಚು ಮೊದಲು ಕಚ್ಚಿಹೋಗುತ್ತದೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಕಂಪ್ಯೂಟರಿನಲ್ಲಿ ನೋಡಿ ಶಾಲೆಯ ಕಪ್ಪು ಹಲಗೆ ಮೇಲೆ ಬರೆದಿಡಬಹುದು. ಸೂರ್ಯನನ್ನು ನೇರವಾಗಿ ನೋಡಬಾರದು. ಗ್ರಹಣದ ಕನ್ನಡಕ ಇಲ್ಲದಿದ್ದರೆ ಮನೆಯಿಂದ ಒಂದು ಜರಡಿ ತಂದು ಬಿಸಿಲಿಗೆ ಹಿಡಿದರೆ, ಅದರ ಒಂದೊಂದು ತೂತೂ ನೆಲದ ಮೇಲೆ ಒಂದೊಂದು ಕಚ್ಚಿದ ಸೂರ್ಯನನ್ನು ಬಿಡಿಸುತ್ತದೆ. ಆಗಸ್ಟ್ ಆದ್ದರಿಂದ ಮೋಡ ಇರುವುದೇ ಹೆಚ್ಚು. ಮೋಡ ಬಿಡದೇ ಹೋದರೆ ಮಕ್ಕಳನ್ನು ಒಳಗೆ ಕರೆದು, ಟಿವಿ ಮೇಲಿನ ಬಟ್ಟೆ ಸರಿಸಿ, ಅದೇ ಹೊತ್ತಿನ ನಮ್ಮೂರ ಆಕಾಶವನ್ನು ಪರದೆ ಮೇಲೆ ತೆರೆಯಬಹುದು. ಕರೆಂಟ್ ಇದ್ದರೆ.